ಮೈಲುತುತ್ತದ ಬೆಟ್ಟದಲ್ಲಿ ಸೀಗಡಿ ಸಾಕುವುದು

ಮೃಗಶಿರಾ ಮಳೆ ಹಿಡಿಯುವುದಕ್ಕೆ ಮೊದಲು ತೋಟಕ್ಕೆ ಒಂದು ಸುತ್ತು ಬೋರ್ಡೋ ದ್ರಾವಣ ಹೊಡೆದು ಮುಗಿಸಿಬಿಡಬೇಕು ಎನ್ನುವುದು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಬೆಳೆಗಾರರ ಮೇ ತಿಂಗಳ ಧಾವಂತ. ತಡವಾದರೆ ಅರೇಬಿಕಾಕ್ಕೆ ಎಲೆ ತುಕ್ಕು, ಅಡಿಕೆಗೆ ಕೊಳೆ, ಮೆಣಸಿನ ಬಳ್ಳಿಗೆ ಸೊರಗು. ಶೆಡ್ಡಿನಲ್ಲಿ ನೀಲಿ ಹರಳಿನ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಚೀಲಗಳು ಬಂದು ಕೂರುತ್ತವೆ, ಪಕ್ಕದಲ್ಲಿ ಸುಣ್ಣ, ಬ್ಯಾರಲ್ಲು, ಪಂಪು, ಪೈಪಿನ ಸುರುಳಿ. ಇತ್ತೀಚಿನ ವರ್ಷಗಳಲ್ಲಿ ಇಂಥ ತೋಟದ ಮನೆಗಳ ಜಗಲಿಯಲ್ಲೂ ಗಿಡ ನೆಟ್ಟ ಗಾಜಿನ ತೊಟ್ಟಿ ಕಾಣಸಿಗುತ್ತದೆ. ಅದರಲ್ಲಿ ಹೆಬ್ಬೆರಳ ಉಗುರಿನಷ್ಟುದ್ದದ ಕೆಂಪು ಚೆರ್ರಿ ಸೀಗಡಿಗಳು ಹಗಲಿಡೀ ಎಲೆಯ ಮೇಲಿನ ಪಾಚಿ ಕೆರೆದು ತಿನ್ನುತ್ತಿರುತ್ತವೆ. ತೋಟಕ್ಕೆ ಹೊಡೆಯುವ ಔಷಧಿಗೂ ಈ ತೊಟ್ಟಿಗೂ ನೀರು ಬರುವುದು ಒಂದೇ ಹಳ್ಳದಿಂದ. ಮಳೆಗಾಲದ ಮೊದಲ ವಾರಗಳಲ್ಲಿ ತೊಟ್ಟಿಯ ನೀರು ಬದಲಿಸಿದ ಮರುದಿನ ಸೀಗಡಿಗಳು ಸಾಲಾಗಿ ಸತ್ತರೆ ಮನೆಯವರಿಗೆ ಕಾರಣವೇ ಹೊಳೆಯುವುದಿಲ್ಲ.

“ಬೆಟ್ಟದ ನೀರು ಮಾರಾಯ್ರೆ, ಇದಕ್ಕಿಂತ ಶುದ್ಧ ಎಂತ ಬೇಕು?” ಎನ್ನುವ ಮಾತನ್ನು ಈ ಕಡೆ ಎಲ್ಲರೂ ಹೇಳುತ್ತಾರೆ. ಕುಡಿಯುವ ಮನುಷ್ಯನ ಮಟ್ಟಿಗೆ ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಮ್ ಒಳಗಿರುವುದು ಒಳ್ಳೆಯದು. ಬೇರೆ ಮೂಲ ಇಲ್ಲದ ಕಡೆ 1.5 ಮಿಲಿಗ್ರಾಮ್ ತನಕ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಮ್. ಸೀಗಡಿಯ ಲೆಕ್ಕವೇ ಬೇರೆ. ಮಲೇಷ್ಯಾದ ಸಂಶೋಧಕರು ಅಲ್ಲಿನ ಒಂದು ಪುಟ್ಟ ಸಿಹಿನೀರು ಸೀಗಡಿಯನ್ನು ಬಹಳ ಮೆದುವಾದ ನೀರಿನಲ್ಲಿಟ್ಟು ನೋಡಿದಾಗ, ಲೀಟರಿಗೆ ಸುಮಾರು 0.03 ಮಿಲಿಗ್ರಾಮ್ ತಾಮ್ರಕ್ಕೆ ನಾಲ್ಕು ದಿನಗಳಲ್ಲಿ ಅರ್ಧದಷ್ಟು ಸೀಗಡಿ ಸತ್ತವು. ಎಂದರೆ ನಾವು ನಿಶ್ಚಿಂತೆಯಿಂದ ಕುಡಿಯಬಹುದಾದ ನೀರಿನಲ್ಲೇ ಸೀಗಡಿ ಉಳಿಯದೆ ಹೋಗಬಹುದು. ಪಂಚಾಯಿತಿಯ ನೀರು ಪರೀಕ್ಷೆಯ ವರದಿಯಲ್ಲಿ “ಕುಡಿಯಲು ಯೋಗ್ಯ” ಎಂದಿದ್ದರೆ ಅದು ನಮ್ಮ ಹೊಟ್ಟೆಗೆ ಸಿಕ್ಕ ಭರವಸೆ, ತೊಟ್ಟಿಯ ಜೀವಕ್ಕಲ್ಲ.

ಹಾಗೆಂದು ಸೀಗಡಿಗೆ ತಾಮ್ರವೇ ಬೇಡ ಎಂದಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವುದು ಕಬ್ಬಿಣವಾದರೆ ಸೀಗಡಿ, ಏಡಿಗಳ ರಕ್ತದಲ್ಲಿ ಆ ಕೆಲಸ ತಾಮ್ರದ್ದು. ಹಿಮೋಸಯನಿನ್ ಎಂಬ ಪ್ರೋಟೀನಿನಲ್ಲಿ ಎರಡೆರಡು ತಾಮ್ರದ ಪರಮಾಣುಗಳು ಜೊತೆಗೂಡಿ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತವೆ. ಹಿಡಿದಾಗ ರಕ್ತ ನಸುನೀಲಿ. ಆಹಾರದ ಮೂಲಕ ಹೊಟ್ಟೆಗೆ ಹೋಗುವ ಅಷ್ಟಿಷ್ಟು ತಾಮ್ರವನ್ನು ಸೀಗಡಿಯ ದೇಹ ಲೆಕ್ಕವಿಟ್ಟು ಬಳಸಿಕೊಳ್ಳುತ್ತದೆ. ಹೀಗಾಗಿ ಸೀಗಡಿ ಆಹಾರದ ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ತಾಮ್ರದ ಹೆಸರು ಕಂಡು ಹೆದರಬೇಕಿಲ್ಲ. ಅಪಾಯ ಬರುವುದು ನೀರಿನಲ್ಲಿ ಕರಗಿ, ಯಾವುದಕ್ಕೂ ಅಂಟಿಕೊಳ್ಳದೆ ಬಿಡಿಯಾಗಿ ಅಲೆಯುವ ತಾಮ್ರದಿಂದ. ಅದು ನೇರ ಕಿವಿರಿಗೆ ಬಂದು ತಗುಲಿಕೊಳ್ಳುತ್ತದೆ.

ಕಿವಿರಿನಲ್ಲಿ ಆಗುವುದೇನು ಎಂದು ತಿಳಿದರೆ ಮಲೆನಾಡಿನ ನೀರಿನ ವಿಶೇಷವೂ ಅರ್ಥವಾಗುತ್ತದೆ. ಸಿಹಿನೀರಿನಲ್ಲಿರುವ ಪ್ರಾಣಿಯ ಮೈಯಿಂದ ಉಪ್ಪು ಸದಾ ಸೋರುತ್ತಿರುತ್ತದೆ. ಸೋರಿದ್ದನ್ನು ಕಿವಿರು ನೀರಿನಿಂದ ಮತ್ತೆ ಹೀರಿ ತುಂಬಿಸುತ್ತದೆ. ತಾಮ್ರದ ಅಯಾನು ಈ ಸೋಡಿಯಂ ಹೀರುವ ಬಾಗಿಲನ್ನೇ ಕಟ್ಟಿಬಿಡುತ್ತದೆ. ಒಳಗಿನ ಉಪ್ಪು ಇಳಿಯುತ್ತಾ ಹೋಗಿ ಪ್ರಾಣಿ ಸಾಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ, ಸೋಡಿಯಂ ಧಾರಾಳವಾಗಿದ್ದರೆ ಅವು ತಾಮ್ರದೊಂದಿಗೆ ಪೈಪೋಟಿಗೆ ನಿಂತು ಕಿವಿರನ್ನು ಕಾಯುತ್ತವೆ. ಕೊಳೆತ ಎಲೆಯಿಂದ ನೀರಿಗಿಳಿಯುವ ಕಂದುಬಣ್ಣದ ಹ್ಯೂಮಿಕ್ ವಸ್ತುಗಳು ತಾಮ್ರವನ್ನು ಅಪ್ಪಿ ಹಿಡಿದು ನಿರುಪದ್ರವಿ ಮಾಡುತ್ತವೆ. ನೀರು ಆಮ್ಲೀಯವಾದಷ್ಟೂ ಬಿಡಿ ತಾಮ್ರದ ಪಾಲು ಹೆಚ್ಚುತ್ತದೆ. ಇದನ್ನೆಲ್ಲ ಸೇರಿಸಿ ಲೆಕ್ಕ ಹಾಕುವ ಒಂದು ಮಾದರಿಯನ್ನೇ ವಿಜ್ಞಾನಿಗಳು ರೂಪಿಸಿದ್ದಾರೆ. ಒಂದೇ ಪ್ರಮಾಣದ ತಾಮ್ರ ಒಂದು ಊರಲ್ಲಿ ಏನೂ ಮಾಡದೆ ಇನ್ನೊಂದು ಊರಲ್ಲಿ ಕೊಲ್ಲುವುದೇಕೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ.

ಕಡೂರಿನ ಬೋರ್‌ವೆಲ್ ನೀರಿನಲ್ಲಿ ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುತ್ತದೆ, ಸೋಪು ನೊರೆ ಬರಲು ಸತಾಯಿಸುತ್ತದೆ. ಅದೇ ಜಿಲ್ಲೆಯ ಘಟ್ಟದ ಅಂಚಿನ ಕಳಸಕ್ಕೆ ಬಂದರೆ ಮೈಗೆ ಹಚ್ಚಿದ ಸೋಪು ಎಷ್ಟು ತೊಳೆದರೂ ಹೋಗದಷ್ಟು ಮೆದು ನೀರು. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ ಸುರಿದು ಮಣ್ಣಿನ ಸುಣ್ಣದಂಶವನ್ನೆಲ್ಲ ಎಂದೋ ತೊಳೆದುಕೊಂಡು ಹೋಗಿರುವ ಬೆಟ್ಟಗಳಿವು. ಒರತೆಯ ನೀರು ಮೆದು, ತುಸು ಆಮ್ಲೀಯ. ತಾಮ್ರದೊಂದಿಗೆ ಪೈಪೋಟಿ ಮಾಡಬೇಕಾದ ಕ್ಯಾಲ್ಸಿಯಂ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಡೂರಿನ ತೊಟ್ಟಿಯಲ್ಲಿ ಸೀಗಡಿ ತಾಳಿಕೊಳ್ಳಬಹುದಾದ ತಾಮ್ರವನ್ನು ಕಳಸದ ತೊಟ್ಟಿಯಲ್ಲಿ ತಾಳಲಾರದು. ಬೆಂಗಳೂರಿನ ಅಂಗಡಿಯವರು ಕೊಟ್ಟ ಸಲಹೆಯನ್ನು ಇಲ್ಲಿಗೆ ಹಾಗೇ ತಂದರೆ ಕೈಕೊಡುವುದಕ್ಕೆ ಇದೊಂದು ದೊಡ್ಡ ಕಾರಣ.

ಇನ್ನು ತಾಮ್ರದ ಮೂಲ. ಪೇಟೆಯ ಸೀಗಡಿ ಸಾಕಣೆಗಾರ ಮನೆಯ ಪೈಪನ್ನು ಅನುಮಾನಿಸುತ್ತಾನೆ. ಇಲ್ಲಿನವರು ಪೈಪಿಗಿಂತ ಮೇಲಕ್ಕೆ, ಗುಡ್ಡದ ತೋಟಗಳಿಗೆ ಹೊಡೆಯುವ ಬೋರ್ಡೋ ಕಡೆ ನೋಡಬೇಕು.

ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನದಿರಲೆಂದು ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. 1882ರಲ್ಲಿ ಪಿಯರ್ ಮಾರಿ ಅಲೆಕ್ಸಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು ಹೀಗೆ ಬಳಿದ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗುಲದೆ ಇದ್ದುದನ್ನು ಗಮನಿಸಿದರು. 1885ರಲ್ಲಿ ಮಿಶ್ರಣದ ಕ್ರಮವನ್ನು ಪ್ರಕಟಿಸಿದರು. ಅಷ್ಟರಲ್ಲಿ, 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ಸಿಲೋನಿನ ಕಾಫಿಯನ್ನು ನೆಲಕ್ಕೆ ಕೆಡವಿತ್ತು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯ ಬೆನ್ನುಹತ್ತಿ, ರೋಗಾಣುವನ್ನು ಗುರುತಿಸಿ, 1910ರಲ್ಲಿ ಅದರ ಮೇಲೊಂದು ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವುದೇ ರೈತರಿಗಿದ್ದ ದಾರಿ. ಬೋರ್ಡೋ ಸಿಂಪಡಣೆ ಅಡಿಕೆ ತೋಟಗಳಿಗೆ ಇಳಿದದ್ದು ಅವರ ಕಾಲದಲ್ಲಿ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅವರು ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗಲೇ. ಭದ್ರಾ ನದಿಯ ದಡದ ಈ ಸೀಮೆ ಬೋರ್ಡೋ ಇಲ್ಲದೆ ಬದುಕಿ ಉಳಿಯುತ್ತಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಅದನ್ನು ವಿಷವೆಂದು ಬೈದು ಕೈತೊಳೆದುಕೊಳ್ಳುವುದು ಬೆಳೆಗಾರನಿಗೆ ಮಾಡುವ ಅನ್ಯಾಯ.

ಆದರೆ ಲೆಕ್ಕ ಲೆಕ್ಕವೇ. ಅಡಿಕೆ, ಮೆಣಸಿಗೆ ಶೇ 1ರ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಾಫಿಗೆ ಶೇ 0.5, ಅಂದರೆ ಅದರ ಅರ್ಧ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ಹಾಗಾಗಿ ಶೇ 1ರ ದ್ರಾವಣದ ಪ್ರತಿ ಲೀಟರಿನಲ್ಲಿ ಎರಡೂವರೆ ಗ್ರಾಮ್ ತಾಮ್ರ ಇರುತ್ತದೆ. ಕೆಲಸ ಮುಗಿದ ಮೇಲೆ ಬ್ಯಾರಲ್ಲಿನ ತಳದಲ್ಲಿ ಐದು ಲೀಟರ್ ಉಳಿಯಿತು, ಅದನ್ನು ಹಳ್ಳದಲ್ಲಿ ತೊಳೆದರು ಎಂದಿಟ್ಟುಕೊಳ್ಳಿ. ಹನ್ನೆರಡೂವರೆ ಗ್ರಾಮ್ ತಾಮ್ರ ಹಳ್ಳಕ್ಕೆ ಬಿತ್ತು. ಅಷ್ಟೂ ಕರಗಿದರೆ ಎರಡೂವರೆ ಲಕ್ಷ ಲೀಟರ್ ನೀರನ್ನು ಲೀಟರಿಗೆ 0.05 ಮಿಲಿಗ್ರಾಮ್ ಮಟ್ಟಕ್ಕೆ ತರಲು ಅದು ಸಾಕು. ಅಷ್ಟೂ ಕರಗುವುದಿಲ್ಲ, ನಿಜ. ಬಹುಪಾಲು ಕೆಸರಿಗೆ, ಎಲೆಗೆ ಅಂಟಿಕೊಳ್ಳುತ್ತದೆ. ಆದರೆ ಬೇಸಿಗೆಯ ಕೊನೆಯಲ್ಲಿ, ಬೆರಳಷ್ಟು ಧಾರೆಯಾಗಿ ಹರಿಯುತ್ತಿರುವ ಹಳ್ಳದಲ್ಲಿ, ಅದರ ಹತ್ತರಲ್ಲೊಂದು ಪಾಲೇ ಸಾಕಷ್ಟು ಹೆಚ್ಚಾಯಿತು.

ಸುಣ್ಣ ಬೆರೆಸುವುದು ಏಕೆ ಎಂಬುದನ್ನು ಇಲ್ಲಿ ನೆನೆಯಬೇಕು. ಮೈಲುತುತ್ತವನ್ನು ಹಾಗೇ ಹೊಡೆದರೆ ಎಲೆ ಸುಡುತ್ತದೆ. ಸುಣ್ಣ ಸೇರಿದಾಗ ತಾಮ್ರ ಸುಲಭವಾಗಿ ಕರಗದ ನೀಲಿ ಗಸಿಯಾಗುತ್ತದೆ. ಅದು ಎಲೆಯ ಮೇಲೆ ಕೂತು, ಮಳೆ ಇಬ್ಬನಿಗೆ ಚೂರುಚೂರೇ ಕರಗಿ, ಶಿಲೀಂಧ್ರದ ಬೀಜಾಣುಗಳನ್ನು ಕೊಲ್ಲುತ್ತದೆ. ಅನುಭವಿ ಮೇಸ್ತ್ರಿ ದ್ರಾವಣ ಕದಡಿದ ಮೇಲೆ ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ಹಿಡಿಯುತ್ತಾನೆ. ಸ್ವಲ್ಪ ಹೊತ್ತಿಗೆ ಎತ್ತಿ ನೋಡಿದಾಗ ಅಲಗಿನ ಮೇಲೆ ಕೆಂಚು ಪದರ ಕೂತಿದ್ದರೆ ಬಿಡಿ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಮತ್ತಷ್ಟು ಸುಣ್ಣದ ತಿಳಿ ಬೀಳುತ್ತದೆ. ಚಾಕು ಹೊಳೆಯುತ್ತಲೇ ಇದ್ದರೆ ದ್ರಾವಣ ಹದಕ್ಕೆ ಬಂದಿದೆ. ಈ ಪರೀಕ್ಷೆಯನ್ನು ಗಿಡದ ಎಲೆ ಸುಡದಿರಲೆಂದು ಮಾಡುತ್ತಾರೆ. ಹಳ್ಳದ ಜೀವಗಳಿಗೂ ಅದೇ ಪರೀಕ್ಷೆ ರಕ್ಷೆ. ಅಲಗು ಕೆಂಪಾದ ದ್ರಾವಣವನ್ನು ಅವಸರಕ್ಕೆ ಹಾಗೇ ಹೊಡೆದ ತೋಟದಿಂದ ಮೊದಲ ಮಳೆಗೆ ಹರಿದುಬರುವ ನೀರು ಬೇರೆಯೇ.

ಸುಣ್ಣ ಸೇರಿದ ತಾಮ್ರವೂ ಎಲ್ಲಿಗೂ ಮಾಯವಾಗುವುದಿಲ್ಲ. ಕೀಟನಾಶಕಗಳಲ್ಲಿ ಹೆಚ್ಚಿನವು ಬಿಸಿಲಿಗೆ, ಸೂಕ್ಷ್ಮಾಣುಗಳಿಗೆ ಸಿಕ್ಕಿ ಒಡೆದುಹೋಗುತ್ತವೆ. ತಾಮ್ರ ಮೂಲಧಾತು, ಒಡೆಯಲು ಅದರಲ್ಲೇನೂ ಇಲ್ಲ. ಎಲೆ ಉದುರಿದಾಗ ಅದು ತರಗಿನೊಂದಿಗೆ ಮಣ್ಣಿಗೆ ಸೇರಿ, ಮೇಲ್ಮಣ್ಣಿನ ಕಳಿತ ಸಾವಯವದಲ್ಲಿ ಕೂರುತ್ತದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, ಪೂರ್ವ ಆಫ್ರಿಕಾದ ಹಳೆಯ ಕಾಫಿ ತೋಟಗಳಲ್ಲಿ ಹೀಗೆ ದಶಕಗಳ ತಾಮ್ರ ಮಣ್ಣಿನಲ್ಲಿ ಜಮೆಯಾಗಿರುವುದು ದಾಖಲಾಗಿದೆ. ಯುರೋಪಿನ ಒಕ್ಕೂಟ 2018ರಲ್ಲಿ ತಾಮ್ರದ ಔಷಧಿಗಳಿಗೆ ಮಿತಿ ಹಾಕಿತು: ಏಳು ವರ್ಷಗಳಲ್ಲಿ ಹೆಕ್ಟೇರಿಗೆ ಒಟ್ಟು 28 ಕಿಲೋ ತಾಮ್ರ, ಸರಾಸರಿ ವರ್ಷಕ್ಕೆ 4 ಕಿಲೋ. ಸಾವಯವ ದ್ರಾಕ್ಷಿ ಬೆಳೆಯುವವರಿಗೂ ಇದೇ ನಿಯಮ. ತೋಟದ ತರಗೆಲೆ ಹೊದಿಕೆ ಗಟ್ಟಿಯಾಗಿದ್ದಷ್ಟು ಕಾಲ ಈ ತಾಮ್ರ ನೆಲದಲ್ಲೇ ಇರುತ್ತದೆ. ನೆರಳಿನ ಮರ ಕಡಿದು, ನೆಲ ಬರಿದಾಗಿ, ಕೆಂಪು ನೀರು ಹರಿಯತೊಡಗಿದರೆ ಮಣ್ಣಿನ ಜೊತೆ ತಾಮ್ರವೂ ಇಳಿಯುತ್ತದೆ. ನೆರಳಿನ ಕಾಫಿಯ ಪರವಾಗಿ ಹಕ್ಕಿಗಳನ್ನು ಮುಂದಿಟ್ಟು ಮಾತಾಡುವವರು ಬಹಳ. ಹಳ್ಳದ ನೀರಿನ ಪರವಾಗಿಯೂ ಅಷ್ಟೇ ಗಟ್ಟಿಯಾಗಿ ಮಾತಾಡಬಹುದು ಎಂದು ನನಗನ್ನಿಸುತ್ತದೆ.

ಹಿಂದೆ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಮನೆಯಂಗಳಕ್ಕೆ ಬರುತ್ತಿತ್ತು. ಈಗ ಮೇಲಿನ ಒರತೆಗೊಂದು ಪುಟ್ಟ ಕಟ್ಟೆ ಕಟ್ಟಿ, ಕರಿ ಪೈಪು ಎಳೆದು, ಇಳಿಜಾರಿನಲ್ಲೇ ತೊಟ್ಟಿ ತುಂಬಿಸುತ್ತಾರೆ. ಕರೆಂಟಿನ ಹಂಗಿಲ್ಲದ, ಚೆಂದದ ಏರ್ಪಾಡು. ಆದರೆ ಆ ಕಟ್ಟೆಯ ಮೇಲೆ ಯಾರ ತೋಟವಿದೆ, ಅಲ್ಲಿ ಯಾವಾಗ ಔಷಧಿ ಹೊಡೆಯುತ್ತಾರೆ ಎಂಬುದು ತೊಟ್ಟಿಯ ನೀರಿನ ಗುಣವನ್ನು ನಿರ್ಧರಿಸುತ್ತದೆ. ಕಟ್ಟೆಯ ಮೇಲೆ ಕಾಡಷ್ಟೇ ಇರುವ ಮನೆಯವರಿಗೆ ಈ ಚಿಂತೆಯಿಲ್ಲ. ಚಿಕ್ಕಮಗಳೂರು ಪೇಟೆಯದು ಇನ್ನೊಂದು ಬಗೆ. ಅಲ್ಲಿಗೆ ಹಿರೇಕೊಳಲೆ ಕೆರೆಯಿಂದ, ಯಗಚಿಯಿಂದ ನೀರು ಬರುತ್ತದೆ. ಶುದ್ಧೀಕರಿಸಿದ ಪೇಟೆ ನೀರಿನಲ್ಲಿ ಸೀಗಡಿಗೆ ಮೊದಲ ಶತ್ರು ತಾಮ್ರವಲ್ಲ, ಕ್ಲೋರಿನ್. ಅದಕ್ಕೆ ಅಕ್ವೇರಿಯಂ ಅಂಗಡಿಯ ಸೋಡಿಯಂ ಥಯೋಸಲ್ಫೇಟ್ ಹನಿ ಸಾಕು. ಆದರೆ ಥಯೋಸಲ್ಫೇಟನ್ನೇ ನಂಬಿ ಲೋಹವೂ ಹೋಯಿತೆಂದು ತಿಳಿಯುವಂತಿಲ್ಲ. ಲೋಹ ಹಿಡಿದಿಡುವ ಇಡಿಟಿಎಯಂಥ ವಸ್ತು ಇರುವ ದ್ರಾವಣ ಬೇರೆ. ಸೀಸೆಯ ಮೇಲೆ ಭಾರಲೋಹಗಳ ಮಾತು ಇದೆಯೇ ಎಂದು ಓದಿ ಕೊಳ್ಳಬೇಕು.

ಕುದುರೆಮುಖದ ಮಾತನ್ನು ಇಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು. ಭದ್ರೆಗೆ ಅದು ಕೊಟ್ಟ ದೊಡ್ಡ ಪೆಟ್ಟು ಹೂಳಿನದು. ಅದಿರಿನ ಹುಡಿಯಲ್ಲಿ ಕಬ್ಬಿಣ ಕರಗದ ಆಕ್ಸೈಡ್ ರೂಪದಲ್ಲಿರುತ್ತದೆ, ತಾಮ್ರದಂತೆ ಕಿವಿರಿನ ಬಾಗಿಲು ಕಟ್ಟುವುದಿಲ್ಲ, ಸಣ್ಣ ಕಣವಾಗಿ ಕಿವಿರಿನ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ಬೋರ್‌ವೆಲ್ಲಿನ ಕೆಂಪು ಕೆನೆಯ ನೀರಿನಲ್ಲೂ ತೊಂದರೆ ಇದೇ ಬಗೆಯದು. ಒಂದು ರಾತ್ರಿ ಗಾಳಿಯಾಡಿಸಿ, ತಳಕ್ಕೆ ಕೂತದ್ದನ್ನು ಬಿಟ್ಟು ಮೇಲಿನ ತಿಳಿಯನ್ನು ಮರಳಿನಲ್ಲಿ ಸೋಸಿದರೆ ಬಹುಮಟ್ಟಿಗೆ ಪರಿಹಾರ.

ಮನೆಯೊಳಗಿನ ಲೋಹಕ್ಕೆ ಬಂದರೆ ಮಲೆನಾಡಿನ ಬಚ್ಚಲುಮನೆಯಿಂದಲೇ ಆರಂಭಿಸಬೇಕು. ತಾಮ್ರದ ಹಂಡೆಯಿಲ್ಲದ ಹಳೆಯ ಮನೆ ಇಲ್ಲಿ ಅಪರೂಪ. ಜನವರಿಯ ಚಳಿಯಲ್ಲಿ ತೊಟ್ಟಿಗೆ ಹಾಕುವ ನೀರು ಕೊರೆಯುತ್ತದೆಂದು ಹಂಡೆಯಿಂದ ಎರಡು ಚೆಂಬು ಬಿಸಿನೀರು ಬೆರೆಸುವುದು ಯಾರಿಗೂ ಸಹಜವಾಗಿ ತೋಚುವ ಉಪಾಯ. ಸೀಗಡಿಗೆ ಅದಕ್ಕಿಂತ ಕೆಟ್ಟ ಉಪಾಯವಿಲ್ಲ. ಮೆದು ನೀರು, ತುಸು ಆಮ್ಲ, ಬಿಸಿ, ರಾತ್ರಿಯಿಡೀ ನಿಂತ ಹೊತ್ತು, ಇವು ಒಟ್ಟಿಗೆ ಸೇರಿದರೆ ತಾಮ್ರ ನೀರಿಗಿಳಿಯುತ್ತದೆ. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಸ ತಾಮ್ರ ಮೇಲೆದ್ದಿದ್ದರೆ ಇನ್ನೂ ಬೇಗ. ಆರೋಗ್ಯಕ್ಕೆಂದು ತಾಮ್ರದ ತಂಬಿಗೆಯಲ್ಲಿಟ್ಟ ನೀರೂ ಅಷ್ಟೇ. ಅದನ್ನು ಮನುಷ್ಯರು ಕುಡಿಯಲಿ, ತೊಟ್ಟಿಗೆ ಹಾಕುವುದು ಬೇಡ. ಗೀಸರುಗಳಲ್ಲೂ ಕೆಲವದರ ಒಳಗೆ ತಾಮ್ರದ ಪಾತ್ರೆ, ತಾಮ್ರದ ಸುರುಳಿ ಇರುತ್ತದೆ. ಹಿತ್ತಾಳೆ ನಲ್ಲಿಯಲ್ಲಿ ತಾಮ್ರ, ಸತು, ಜೊತೆಗೆ ಚೂರು ಸೀಸ. ಹಳೆಯ ಜಿಐ ಪೈಪಿನಲ್ಲಿ ಸತುವಿನ ಲೇಪ. ಮನುಷ್ಯರ ಮಿತಿ ನೋಡಿದರೆ ಸತುವು ಲೀಟರಿಗೆ 5 ಮಿಲಿಗ್ರಾಮ್ ತನಕ ಸೈ. ಮಲೇಷ್ಯಾದ ಆ ಸೀಗಡಿಗೆ ಅರ್ಧ ಮಿಲಿಗ್ರಾಮಿನ ಆಸುಪಾಸೇ ಮಾರಕವಾಗಿತ್ತು.

ಮಳೆನೀರು ಹಿಡಿಯುತ್ತೇವೆ, ಯಾವ ಲೋಹದ ಗೋಜೂ ಇಲ್ಲ ಎನ್ನುವವರಿದ್ದಾರೆ. ಯೋಚನೆ ಸರಿ, ಮಾಡು ಯಾವುದು ಎಂದು ನೋಡಿಕೊಳ್ಳಬೇಕು. ಮಂಗಳೂರು ಹೆಂಚಿನ ಮಾಡಾದರೆ ಒಳ್ಳೆಯದು. ಜಿಂಕ್ ಶೀಟಿನ ಮಾಡಿನಿಂದ ಸುರಿಯುವ ನೀರಿನಲ್ಲಿ ಸತು ಬಂದೇ ಬರುತ್ತದೆ. ಹೊಸ ಶೀಟಾದರೆ ಇನ್ನೂ ಹೆಚ್ಚು. ಗಟಾರ್ ಪಂಪಿನಲ್ಲಿ ಅಡಿಕೆ ಮರದ ನೆತ್ತಿಗೆ ಹೊಡೆದ ಔಷಧಿಯ ತುಂತುರು ಗಾಳಿಗೆ ತೇಲಿ ಮನೆಯ ಮಾಡಿನ ಮೇಲೂ ಬೀಳುತ್ತದೆ. ಹೆಂಚಿನ ಮಾಡಾದರೂ ಆ ಋತುವಿನ ಮೊದಲ ಕೆಲವು ಮಳೆಗಳನ್ನು ಹರಿಯಲು ಬಿಟ್ಟು, ಆಷಾಢದ ಜಡಿಮಳೆ ಮಾಡನ್ನು ಚೆನ್ನಾಗಿ ತೊಳೆದ ಮೇಲೆ ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿದರೆ ವರ್ಷದ ಉಳಿದ ತಿಂಗಳಿಗೆ ಸಾಕಾಗುವಷ್ಟು ಒಳ್ಳೆಯ ನೀರು ಸಿಗುತ್ತದೆ. ಹಾಗೆ ಹಿಡಿದಿಟ್ಟ ನೀರನ್ನು ನಾನು ಬೇರೆ ಯಾವ ಶೋಧಕಕ್ಕಿಂತ ಹೆಚ್ಚು ನಂಬುತ್ತೇನೆ.

ನಂಬಿದರೂ ಅದನ್ನು ಹಾಗೇ ಸುರಿಯುವಂತಿಲ್ಲ. ಈ ಬೆಟ್ಟಗಳಲ್ಲಿ ತಾಮ್ರದ ಹೆಸರಿಗೆ ಬರೆದುಹೋಗುವ ಎಷ್ಟೋ ಸಾವುಗಳ ನಿಜವಾದ ಕಾರಣ ಬೇರೆ. ಸೀಗಡಿ ಬೆಳೆಯಬೇಕಾದರೆ ಪೊರೆ ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗಲು ನೀರಿನಿಂದ ಕ್ಯಾಲ್ಸಿಯಂ ಹೀರಬೇಕು. ನೀರಿನಲ್ಲಿ ಅದು ಇಲ್ಲದಿದ್ದರೆ ತಲೆ ಮತ್ತು ಬೆನ್ನಿನ ನಡುವೆ ಸುತ್ತಲೂ ಬಿಳಿಗೆರೆ ಮೂಡಿ, ಹಳೆಯ ಚಿಪ್ಪಿನಿಂದ ಹೊರಬರಲಾರದೆ ಅಲ್ಲೇ ಸಾಯುತ್ತದೆ. ಚೆರ್ರಿ ಸೀಗಡಿ, ಅಂದರೆ ತೈವಾನ್ ಮತ್ತು ಚೀನಾ ಮೂಲದ ನಿಯೋಕ್ಯಾರಿಡಿನಾ ಡೇವಿಡಿ, ಮಧ್ಯಮ ಗಡಸಿನ ನೀರಿನಲ್ಲಿ ಹಾಯಾಗಿರುವ ಜೀವ. ಕುದಿಸಿ ಒಣಗಿಸಿದ ಮೊಟ್ಟೆಚಿಪ್ಪು, ಕಪ್ಪೆಚಿಪ್ಪು ಅಥವಾ ಸುಣ್ಣಕಲ್ಲಿನ ಚೂರನ್ನು ಫಿಲ್ಟರಿನಲ್ಲಿಟ್ಟರೆ ನಿಧಾನವಾಗಿ ಗಡಸು ಏರುತ್ತದೆ. ಹೀಗೆ ಏರಿಸಿದ ಗಡಸು ಪೊರೆ ಕಳಚಲೂ ನೆರವಾಗುತ್ತದೆ, ತಾಮ್ರದಿಂದಲೂ ಕಾಯುತ್ತದೆ. ಮಲೆನಾಡಿನ ಸೀಗಡಿ ಸಾಕಣೆಗಾರ ಮೊದಲು ಮಾಡಬೇಕಾದ ಕೆಲಸ ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೇ. ಜಪಾನಿನಲ್ಲಿ ರೂಪುಗೊಂಡ ಕ್ರಿಸ್ಟಲ್ ರೆಡ್‌ನಂಥ ತಳಿಗಳು ಮೆದು ನೀರನ್ನೇ ಬಯಸುತ್ತವೆ. ಆ ರಕ್ಷಣೆಯನ್ನು ಅವಕ್ಕೆ ಕೊಡಲಾಗದ್ದರಿಂದ ಅವನ್ನು ಇಲ್ಲಿ ಸಾಕುವವರು ಆರ್‌ಓ ನೀರು ಮತ್ತು ಅಳತೆಯ ಖನಿಜಪುಡಿಯನ್ನೇ ಆಶ್ರಯಿಸಬೇಕು. ಆರ್‌ಓ ಲೋಹಗಳನ್ನು ಬಹುತೇಕ ಪೂರ್ತಿ ತೆಗೆಯುತ್ತದೆ, ಜೊತೆಗೆ ಬೇಕಾದ ಖನಿಜವನ್ನೂ.

ತೊಟ್ಟಿಯಲ್ಲಿ ಬಾದಾಮಿ ಎಲೆ ಹಾಕುವ ರೂಢಿ ಸಾಕಣೆಗಾರರಲ್ಲಿದೆ. ಅದರಿಂದ ಇಳಿಯುವ ಕಂದು ನೀರು ತಾಮ್ರವನ್ನು ಹಿಡಿದಿಡುತ್ತದೆ, ಒಳ್ಳೆಯ ರೂಢಿ. ಆದರೆ ತೋಟದಿಂದ ಆರಿಸಿ ತಂದ ಎಲೆಯನ್ನು ಹಾಕುವಾಗ ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದೆಯೇ, ಬಳ್ಳಿಗೆ ಬೋರ್ಡೋ ಹೊಡೆದಿದೆಯೇ ನೋಡಿಕೊಳ್ಳಿ. ಎಲೆಯ ಮೇಲೆ ತೆಳು ನೀಲಿ ಛಾಯೆಯ ಕಲೆ ಕಂಡರೆ ಅದನ್ನು ತೊಟ್ಟಿಗೆ ಹಾಕಲೇಬಾರದು.

ಸೀಗಡಿಗಳು ಸಾಯುತ್ತಿರುವಾಗ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಕ್ಲೋರಿನ್ ಅಥವಾ ಅಮೋನಿಯಾ ಎಂದು ಯೋಚಿಸಿ. ಮೀನು ಆರಾಮವಾಗಿದ್ದು, ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಸೀಗಡಿಗಳು ಗಾಜಿನ ಉದ್ದಕ್ಕೂ ಹುಚ್ಚೆದ್ದಂತೆ ಈಜಿ, ಆಮೇಲೆ ಪಕ್ಕಕ್ಕೆ ವಾಲಿ ಕಾಲು ಆಡಿಸುತ್ತಾ ಬಿದ್ದಿದ್ದರೆ ಅನುಮಾನ ಲೋಹ ಅಥವಾ ಕೀಟನಾಶಕದ ಮೇಲೆ. ಬಸವನಹುಳುಗಳೂ ಚಿಪ್ಪಿನೊಳಗೆ ಮುದುಡಿ ಉದುರಿದ್ದರೆ ತಾಮ್ರದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಈಜಿಪ್ಟಿನ ಕಾಲುವೆಗಳಲ್ಲಿ ರೋಗ ಹರಡುವ ಬಸವನಹುಳು ಕೊಲ್ಲಲು ಮೈಲುತುತ್ತವನ್ನೇ ಸುರಿಯುತ್ತಿದ್ದರು. ಬಸವನಹುಳು ಚೆನ್ನಾಗಿದ್ದು ಸೀಗಡಿ ಮಾತ್ರ ಸತ್ತರೆ ಕೀಟನಾಶಕವನ್ನು ಮೊದಲು ನೆನೆಯಿರಿ. ಅರೇಬಿಕಾದ ಕಾಂಡಕೊರಕಕ್ಕೆ ಬಳಿಯುತ್ತಾ ಬಂದ ಕ್ಲೋರ್‌ಪೈರಿಫಾಸ್ ಸೀಗಡಿಯ ಜಾತಿಯ ಜೀವಗಳಿಗೆ ತಾಮ್ರಕ್ಕಿಂತ ಎಷ್ಟೋ ಪಟ್ಟು ಕಡಿಮೆ ಪ್ರಮಾಣದಲ್ಲಿ ಮಾರಕ. ತೊಟ್ಟಿಯಿರುವ ಕೋಣೆಯಲ್ಲಿ ಸೊಳ್ಳೆಗೆ ಹೊಡೆಯುವ ಸ್ಪ್ರೇ ಕೂಡ ಇದೇ ಪಟ್ಟಿಗೆ ಸೇರುತ್ತದೆ. ಇನ್ನೊಂದು ಮಾತು: ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಹಾಕುವ ಔಷಧಿಗಳಲ್ಲಿ ಹಲವಕ್ಕೆ ತಾಮ್ರವೇ ಮೂಲ. ಅಂಥ ಔಷಧಿ ಕಂಡ ತೊಟ್ಟಿಯ ಮರಳು, ಸುಣ್ಣಕಲ್ಲು ತಾಮ್ರವನ್ನು ಹಿಡಿದಿಟ್ಟುಕೊಂಡು ಎಷ್ಟೋ ದಿನಗಳ ಮೇಲೆ ಬಿಡುತ್ತವೆ. ಕಡಿಮೆ ಬೆಲೆಗೆ ಸಿಗುವ ಹಳೆಯ ತೊಟ್ಟಿ ಕೊಳ್ಳುವಾಗ ಈ ಪ್ರಶ್ನೆ ಕೇಳಲೇಬೇಕು.

ಸೀಗಡಿಗಳು ಸಾಯತೊಡಗಿದ ಹೊತ್ತಿನಲ್ಲಿ ಮಾಡಬೇಕಾದ್ದು, ಕೈಗೆ ಸಿಗುವ ಲೋಹವಿಲ್ಲದ ನೀರಿಗೆ ಸೀಗಡಿಗಳನ್ನು ಸಾಗಿಸುವುದು. ಆಗದಿದ್ದರೆ ಲೋಹ ಹಿಡಿಯುವ ದ್ರಾವಣ ಹಾಕಿ, ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ತುಂಬುವುದು. ಗಾಬರಿಯಿಂದ ಅದೇ ನಲ್ಲಿಯ ನೀರಿನಿಂದ ಮತ್ತೊಮ್ಮೆ ಅರ್ಧ ತೊಟ್ಟಿ ಬದಲಿಸುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ಕೆಲಸ. ಬದುಕಿದ್ದವೂ ಅದರಿಂದಲೇ ಹೋಗುತ್ತವೆ.

ಪರೀಕ್ಷೆಯ ವಿಷಯದಲ್ಲಿ ಎರಡು ಮಾತು. ಟಿಡಿಎಸ್ ಮೀಟರ್ ತಾಮ್ರವನ್ನು ತೋರಿಸುವುದಿಲ್ಲ. ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಅಂದಾಜನ್ನಷ್ಟೇ ಅದು ಹೇಳುತ್ತದೆ. ಮೀಟರ್ 25 ತೋರಿಸಿದ ಒರತೆ ನೀರಿನಲ್ಲಿ ಸೀಗಡಿ ಕೊಲ್ಲುವಷ್ಟು ತಾಮ್ರ ಅಡಗಿರಬಹುದು. ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳಲ್ಲಿ ಕಣ್ಣಿಗೆ ಬಣ್ಣ ಹತ್ತುವ ಹೊತ್ತಿಗೆ ಮೆದು ನೀರಿನ ಸೀಗಡಿಗೆ ಕಾಲ ಮಿಂಚಿರುತ್ತದೆ. ಖಚಿತ ಉತ್ತರ ಬೇಕಿದ್ದರೆ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಇರುವ ಪ್ರಯೋಗಾಲಯಕ್ಕೆ ಕೊಡಬೇಕು. ಕೊಡುವ ಮೊದಲು ಅವರು ಎಷ್ಟು ಸಣ್ಣ ಪ್ರಮಾಣದ ತನಕ ಅಳೆಯಬಲ್ಲರು ಎಂದು ಕೇಳಬೇಕು. ಮಾದರಿ ಹಿಡಿಯುವುದರಲ್ಲೇ ಅರ್ಧ ಪತ್ತೆದಾರಿಕೆ ಇದೆ. ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದ ಮೊದಲ ಚೆಂಬಿನದು ಒಂದು, ಐದು ನಿಮಿಷ ಹರಿದ ಮೇಲಿನದು ಒಂದು, ಮೇಲಿನ ಕಟ್ಟೆಯಿಂದ ನೇರ ಹಿಡಿದದ್ದು ಇನ್ನೊಂದು. ಮೊದಲನೆಯದರಲ್ಲಿ ಮಾತ್ರ ಲೋಹವಿದ್ದರೆ ತಪ್ಪು ಮನೆಯ ಪೈಪು, ನಲ್ಲಿಯದು. ದಿನಾ ಬೆಳಿಗ್ಗೆ ಪಾತ್ರೆ ತೊಳೆದಾದ ಮೇಲೆ ತೊಟ್ಟಿಗೆ ನೀರು ಹಿಡಿದರೆ ಮುಗಿಯಿತು. ಮೂರರಲ್ಲೂ ಇದ್ದರೆ ಮೇಲಿನ ತೋಟದವರೊಂದಿಗೆ ಮಾತಾಡಬೇಕು.

ಮಾತಾಡಬೇಕಾದ್ದು ಗಾಜಿನ ತೊಟ್ಟಿಯ ಸೀಗಡಿಗಾಗಿ ಮಾತ್ರವೂ ಅಲ್ಲ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕ್ಯಾರಿಡಿನಾ ಕುಲದ ಸೀಗಡಿಗಳು ಮೊದಲಿನಿಂದಲೂ ಇವೆ. ಮಣ್ಣುಬಣ್ಣದ, ಹೆಚ್ಚುಕಡಿಮೆ ಪಾರದರ್ಶಕ ಮೈಯ ಜೀವಗಳು. ನೀರಿಗೆ ಬಾಗಿದ ಬೇರಿನ ಜಡೆಯನ್ನು ಮೆಲ್ಲಗೆ ಅಲುಗಿಸಿ ಕಣ್ಣಿಟ್ಟು ನೋಡಿದರೆ ಹಿಂದಕ್ಕೆ ಚಿಮ್ಮುವಾಗಷ್ಟೇ ಕಾಣುತ್ತವೆ. ಕೊಳೆತ ಎಲೆಯನ್ನು ಪುಡಿಮಾಡಿ ತಿಂದು ಹಳ್ಳವನ್ನು ಹಸನಾಗಿಡುವುದು, ಮೀನಿಗೆ, ಮಿಂಚುಳ್ಳಿಗೆ ಆಹಾರವಾಗುವುದು ಅವುಗಳ ಬದುಕು. ಅಂಗಡಿಯಿಂದ ತಂದ ಸೀಗಡಿ ಸತ್ತರೆ ಅಳುವ ಮಗುವಾದರೂ ಮನೆಯಲ್ಲಿರುತ್ತದೆ. ಹಳ್ಳದ ಸೀಗಡಿ ಸತ್ತದ್ದು ಯಾರ ಗಮನಕ್ಕೂ ಬರುವುದಿಲ್ಲ. ಈ ಹಳ್ಳದ ಸೀಗಡಿಗಳ ಹಿತಕ್ಕಾಗಿಯೇ, ಬೇಡವಾದ ಚೆರ್ರಿ ಸೀಗಡಿಗಳನ್ನು ಹಳ್ಳಕ್ಕೆ ಬಿಡುವುದೂ ಸಲ್ಲದು. ಬೇರೆ ದೇಶಗಳಲ್ಲಿ ಅವು ಹೊರಗೆ ಬಿದ್ದು ನೆಲೆಯೂರಿವೆ, ಇಲ್ಲಿ ಊರಲಾರವು ಎನ್ನುವಂತಿಲ್ಲ.

ತೋಟದಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ, ಹೆಚ್ಚು ಖರ್ಚಿನದೂ ಅಲ್ಲ. ಚಂದ್ರಗಿರಿಯಂಥ ತುಕ್ಕು ತಾಳುವ ತಳಿಗಳು ಇರುವ ತಾಕುಗಳಲ್ಲಿ ರೋಗದ ಲಕ್ಷಣ ನೋಡಿಕೊಂಡು ಸಿಂಪಡಣೆಯ ಸುತ್ತು ಕಡಿಮೆ ಮಾಡಬಹುದು. ಆಯಾ ದಿನಕ್ಕೆ ಬೇಕಾದಷ್ಟೇ ದ್ರಾವಣ ಕಲಸಿದರೆ ಸಂಜೆಗೆ ಮಿಗುವುದಿಲ್ಲ. ಮಿಕ್ಕದ್ದನ್ನು ಹಳ್ಳಕ್ಕೆ ಚೆಲ್ಲದೆ ಬಿಟ್ಟುಹೋದ ಗಿಡಗಳಿಗೇ ಹೊಡೆಯಬೇಕು. ಹಳ್ಳದ ಎರಡೂ ದಡದಲ್ಲಿ ಕೆಲವು ಸಾಲು ಗಿಡಗಳನ್ನು ಔಷಧಿಯಿಲ್ಲದೆ ಬಿಟ್ಟು, ತರಗು ಮತ್ತು ಹುಲ್ಲನ್ನು ಅಲ್ಲಿ ಕೀಳದೆ ಉಳಿಸಿದರೆ ಇಳಿದುಬರುವ ತಾಮ್ರದ ಬಹುಪಾಲು ಅಲ್ಲೇ ನಿಲ್ಲುತ್ತದೆ. ಬ್ಯಾರಲ್ಲು, ಪಂಪು ತೊಳೆಯಲು ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಗುಂಡಿ ತೋಡಿ, ತಳಕ್ಕೆ ಸುಣ್ಣದ ಗಸಿ ಹಾಕಿ, ಮೇಲೆ ಕಾಫಿ ಸಿಪ್ಪೆ, ತರಗೆಲೆ ತುಂಬಿಟ್ಟರೆ ತೊಳೆದ ನೀರು ಅದರಲ್ಲಿ ಇಂಗುತ್ತದೆ. ತಾಮ್ರ ಸಿಪ್ಪೆಗೆ ಅಂಟಿ ಉಳಿಯುತ್ತದೆ. ಕೆಲಸದವರಿಗೆ ಹಳ್ಳವೇ ಹತ್ತಿರ, ಗುಂಡಿ ದೂರ ಎನ್ನುವುದು ಹೌದು. ಅಲ್ಲಿಗೊಂದು ಪೈಪು ಎಳೆದುಕೊಟ್ಟರೆ ಆ ದೂರವೂ ಉಳಿಯುವುದಿಲ್ಲ.

ಇನ್ನು ಮೇಲಿನ ತೋಟದವರಿಂದ ಕೆಳಗಿನ ಮನೆಗೆ ಔಷಧಿ ಹೊಡೆಯುವ ಹಿಂದಿನ ಸಂಜೆ ಒಂದು ಫೋನು ಹೋಗಬೇಕು. ಜೇನು ಸಾಕುವವರಿಗೆ, ಮೀನಿನ ಹೊಂಡ ಇರುವವರಿಗೆ ಹೀಗೆ ಹೇಳಿ ಕಳಿಸುವ ಪದ್ಧತಿ ಕೆಲವೆಡೆ ಇದ್ದೇ ಇದೆ. ಸುದ್ದಿ ಸಿಕ್ಕರೆ ಕೆಳಗಿನವರು ಕುಡಿಯುವ ತೊಟ್ಟಿಯನ್ನೂ ಸೀಗಡಿಯ ಡ್ರಮ್ಮನ್ನೂ ಅಂದೇ ತುಂಬಿಸಿಕೊಂಡು, ಗೇಟ್‌ವಾಲ್ವ್ ತಿರುಗಿಸಿ ಕಟ್ಟೆಯ ನೀರನ್ನು ನಿಲ್ಲಿಸಬಹುದು; ಮೊದಲ ಮಳೆ ಬಂದು ಹಳ್ಳ ಕೆಂಪಾಗಿ ಹರಿದು ಮತ್ತೆ ತಿಳಿಯಾದ ಮೇಲೆ ವಾಲ್ವ್ ತೆರೆದರಾಯಿತು.